ಡಾರ್ಟ್‌ಮೂರಿನಲ್ಲಿ ನಾಯಿಯೊಡನೆ ನಿಧಿಶೋಧ

ನಿಧಿ ಎಂದೊಡನೆ ನಮ್ಮವರ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ. ಒಂದು ಪಾಳುಗುಡಿ, ಗುಡಿಯ ಹಿಂದೊಂದು ಹುತ್ತ, ಹುತ್ತದ ಅಡಿಯಲ್ಲಿ ಹೊನ್ನು ತುಂಬಿದ ಕೊಪ್ಪರಿಗೆ, ಅದನ್ನು ಕಾಯುವ ಏಳು ಹೆಡೆಯ ಸರ್ಪ. ಅಜ್ಜಿಯರು ಹೇಳಿದ ಕತೆಗಳಲ್ಲಿ ಈ ನಿಧಿಯನ್ನು ಅಗೆದು ಸುಖಪಟ್ಟವನು ಕಡಮೆ, ರಕ್ತ ಕಾರಿ ಸತ್ತವನೇ ಹೆಚ್ಚು. ಇಂಥ ಕತೆಗಳನ್ನು ಕೇಳಿ ಬೆಳೆದವರಿಗೆ, ಇಂದು ಭೂಮಂಡಲದ ಮೇಲೆ ಮೂವತ್ತು ಲಕ್ಷಕ್ಕೂ ಹೆಚ್ಚು ನಿಧಿಗಳು ಅಡಗಿವೆ, ಅವುಗಳ ಜಾಗವನ್ನು ಅಡಗಿಸಿಟ್ಟವರೇ ಊರಿಗೆಲ್ಲ ಸಾರುತ್ತಾರೆ, ಹುಡುಕಿ ತೆಗೆದವನು ಮತ್ತೆ ಅಲ್ಲಿಯೇ ಇಟ್ಟು ಬರಿಗೈಯಲ್ಲಿ ಮನೆಗೆ ಮರಳುತ್ತಾನೆ ಎಂದು ಹೇಳಿದರೆ ನಂಬುವುದು ಕಷ್ಟ. ಆದರೂ ಇದು ನಡೆದಿರುವ ಸಂಗತಿ.

ಈ ಆಟದ ಹೆಸರು ಜಿಯೋಕ್ಯಾಶಿಂಗ್. ಹೆಸರಿನ ಒಳಗಿರುವ ಕ್ಯಾಶ್ ನಮ್ಮ ನಿಮ್ಮ ಕಿಸೆಯ ಕ್ಯಾಶ್ ಅಲ್ಲ. ಬಚ್ಚಿಡುವುದು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಮೂವತ್ತೆರಡು ವರ್ಷ ಮುಂಬಯಿಯ ಬ್ಯಾಂಕೊಂದರಲ್ಲಿ ಕ್ಯಾಶ್ ಕೌಂಟರಿನ ಹಿಂದೆ ಕುಳಿತವನು ನಾನು. ಇಂಗ್ಲೆಂಡಿನಲ್ಲಿರುವ ಮಗಳು ಒಂದು ಭಾನುವಾರ ಫೋನಿನಲ್ಲಿ, “ಅಪ್ಪಾ, ಈವತ್ತು ಎಲ್ಲರೂ ಕ್ಯಾಶ್ ಹುಡುಕಲಿಕ್ಕೆ ಹೋಗಿದ್ದೆವು” ಎಂದಾಗ, ಅಳಿಯನ ನೌಕರಿಗೇನಾದರೂ ಸಂಚಕಾರ ಬಂತೋ ಎಂದು ನನ್ನ ಎದೆ ಧಸಕ್ಕೆಂದಿತು. ಆಮೇಲೆ ಅವಳು ಬಿಡಿಸಿ ಹೇಳಿದಳು.

ಆಟದ ಹುಟ್ಟು ಹೀಗೆ. ಆಕಾಶದಲ್ಲಿ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಅಮೆರಿಕೆಯ ಜಿ.ಪಿ.ಎಸ್. ಉಪಗ್ರಹಗಳು ಸುತ್ತುತ್ತಿವೆ. ವ್ಯವಸ್ಥೆ ನಡೆಯಲು ಕನಿಷ್ಠ ೨೪ ಬೇಕು. ಪ್ರತಿಯೊಂದರಲ್ಲಿಯೂ ಅಣುಗಡಿಯಾರ, ಪ್ರತಿಯೊಂದೂ ಎಡೆಬಿಡದೆ ‘ನಾನು ಇಲ್ಲಿದ್ದೇನೆ, ಈಗ ವೇಳೆ ಇಷ್ಟು’ ಎಂದು ರೇಡಿಯೋ ಅಲೆಗಳಲ್ಲಿ ಸಾರುತ್ತಿರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಒಂದು, ಎರಡು, ಮೂರು ಎಂದು ಎಣಿಸಿ ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ನಮ್ಮ ಹಿರಿಯರು ಅಂದಾಜು ಕಟ್ಟುತ್ತಿದ್ದರಲ್ಲವೆ? ಕೈಯಲ್ಲಿರುವ ಯಂತ್ರವೂ ಹಾಗೆಯೇ, ಅಲೆ ಬರಲು ಹಿಡಿದ ಕಾಲದಿಂದ ದೂರವನ್ನು ಎಣಿಸುತ್ತದೆ. ನಾಲ್ಕು ಉಪಗ್ರಹಗಳ ದೂರ ತಿಳಿದರೆ ನಾವು ನಿಂತ ಜಾಗ ತಿಳಿಯಿತು. ಎಣಿಕೆ ಎಷ್ಟು ಸೂಕ್ಷ್ಮವೆಂದರೆ, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ೩೦೦ ಮೀಟರಿನಷ್ಟು ದೂರ ತಪ್ಪಿಹೋಗುತ್ತದೆ.

ಮೊದಮೊದಲು ಈ ಅಲೆಗಳ ಪೂರ್ಣ ನಿಖರತೆ ಅಮೆರಿಕೆಯ ಸೈನ್ಯಕ್ಕೆ ಮಾತ್ರ ಮೀಸಲಾಗಿತ್ತು. ಸಾರ್ವಜನಿಕರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸುತ್ತಿದ್ದರು. ನೂರು ಮೀಟರಿನಷ್ಟು ಅತ್ತಿತ್ತ ಆಗುತ್ತಿತ್ತು. ೨೦೦೦ದ ಮೇ ೧ರಂದು ಅಧ್ಯಕ್ಷ ಕ್ಲಿಂಟನ್ ಈ ಬೆರಕೆಯನ್ನು ನಿಲ್ಲಿಸುವುದಾಗಿ ಘೋಷಿಸಿದರು. ಮರುದಿನ ಬೆರಕೆ ನಿಂತಿತು. ಅದರ ಮರುದಿನ, ಎಂದರೆ ಮೇ ೩ರಂದು, ಆರೆಗಾನ್ ಸಂಸ್ಥಾನದ ಡೇವ್ ಅಲ್ಮರ್ ಎಂಬ ಗೃಹಸ್ಥರು ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪುಸ್ತಕ, ಪೆನ್ಸಿಲು, ಕವಣೆ, ಬೇಯಿಸಿದ ಹುರುಳಿಕಾಯಿ ಬೀಜದ ಒಂದು ಡಬ್ಬಿ ಮೊದಲಾದುವನ್ನು ತುಂಬಿ ಬೀವರ್‌ಕ್ರೀಕ್ ಎಂಬಲ್ಲಿ ಕಾಡುದಾರಿಯ ಬದಿಗೆ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದಲ್ಲಿ ಪ್ರಕಟಿಸಿದರು. ಮೂರು ದಿನಗಳೊಳಗೆ ಇಬ್ಬರು ಹುಡುಕಿಕೊಂಡು ಬಂದೇಬಿಟ್ಟರು. ಅದೇ ತಿಂಗಳ ಕೊನೆಗೆ ಆಟಕ್ಕೆ ಈಗಿನ ಹೆಸರೂ ಬಂತು.

ಇಷ್ಟು ಹೊಸ ಆಟದ ಬೇರು ಮಾತ್ರ ಬಹಳ ಹಳೆಯದು. ಅದು ಇರುವುದು ಇಂಗ್ಲೆಂಡಿನ ನೈರುತ್ಯದಲ್ಲಿ, ಡೆವನ್ ಪ್ರಾಂತದ ಡಾರ್ಟ್‌ಮೂರ್ ಎಂಬ ಬಯಲುಸೀಮೆಯಲ್ಲಿ. ಷರ್ಲಾಕ್ ಹೋಮ್ಸನ ಕತೆಗಳನ್ನು ಓದಿದವರಿಗೆ ಇದು ಪರಿಚಿತ ಸ್ಥಳ. ೧೯೦೨ರಲ್ಲಿ ಪುಸ್ತಕವಾಗಿ ಬಂದ ಬಾಸ್ಕರ್‌ವಿಲ್ಲರ ಬೇಟೆನಾಯಿಯ ಕತೆ ನಡೆಯುವುದು ಇಲ್ಲಿಯೇ. ಇಲ್ಲಿಯ ಉತ್ತರ ಭಾಗದ ಜವುಗಿನ ನಟ್ಟನಡುವೆ ಕ್ರ್ಯಾನ್‌ಮಿಯರ್ ಪೂಲ್ ಎಂಬ ಜಾಗವಿದೆ. ಕೊಳವೆಂದು ಹೆಸರು, ನೀರು ಹರಿದುಹೋಗಿ ಉಳಿದದ್ದು ಬರಿಯ ಕೆಸರಿನ ತಗ್ಗು. ಚ್ಯಾಗ್‌ಫರ್ಡ್ ಎಂಬ ಊರಿನ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ೧೮೫೪ರಲ್ಲಿ ಅಲ್ಲೊಂದು ಗಾಜಿನ ಸೀಸೆಯನ್ನಿಟ್ಟ. ಅಷ್ಟು ದೂರ ಕೆಸರು ತುಳಿದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರೊಳಗೆ ಹಾಕಬೇಕು. ಮುಂದೆ ಜನ ತಮ್ಮದೇ ವಿಳಾಸ ಬರೆದ ಅಂಚೆ ಕಾರ್ಡನ್ನು ಅಲ್ಲಿಡತೊಡಗಿದರು. ಮುಂದೆ ಬಂದವನು ಅದನ್ನು ಒಯ್ದು ಅಂಚೆಗೆ ಹಾಕುವನು. ಕಾರ್ಡು ಮನೆ ಮುಟ್ಟುವುದು ನಾಳೆಯೋ, ಮುಂದಿನ ವರ್ಷವೋ, ಹೇಳುವಂತಿರಲಿಲ್ಲ. ಹೀಗೆ ಗುರುತಿಲ್ಲದವನ ಕಾಗದವನ್ನು ಗುರುತಿಲ್ಲದವನು ಹೊತ್ತು ನಡೆದದ್ದರಿಂದ ಹುಟ್ಟಿದ ಹವ್ಯಾಸಕ್ಕೆ ಅಲ್ಲಿ ‘ಲೆಟರ್‌ಬಾಕ್ಸಿಂಗ್’ ಎನ್ನುತ್ತಾರೆ. ಉಪಗ್ರಹ ಬಂದದ್ದು ಆಮೇಲೆ ನೂರ ನಲವತ್ತಾರು ವರ್ಷಕ್ಕೆ.

೨೦೨೫ರ ಸೆಪ್ಟೆಂಬರಿನಲ್ಲಿ ಮಗಳ ಮನೆಗೆ ಹೋಗಿದ್ದಾಗ ನನಗೂ ಈ ಬಯಲಿನಲ್ಲಿ ನಡೆಯುವ ಯೋಗ ಬಂತು. ಒಟ್ಟು ನಾಲ್ಕು ಜನ: ಮಗಳು, ಒಂಬತ್ತು ವರ್ಷದ ಮೊಮ್ಮಗ, ನಾನು, ಗುಂಡ. ಗುಂಡ ಎಂದರೆ ಮನೆಯ ಲ್ಯಾಬ್ರಡಾರ್ ನಾಯಿ. ಹತ್ತು ವರ್ಷದ ಪ್ರಾಯಸ್ಥ. ಮೂತಿ ನರೆತಿದೆ, ಹೊಟ್ಟೆ ಹೆಸರಿಗೆ ತಕ್ಕಂತಿದೆ. ಕನ್ನಡ, ಇಂಗ್ಲಿಷು ಎರಡೂ ಬಲ್ಲ. ‘ಬಾ’ ಎಂದರೆ ಬರುವುದಿಲ್ಲ, ‘ತಿಂಡಿ’ ಎಂದರೆ ಓಡಿ ಬರುತ್ತಾನೆ.

ಹೇಟಾರ್ ಎಂಬ ಬಂಡೆಗುಡ್ಡದಿಂದ ಹೊರಟೆವು. ಎತ್ತರ ೪೫೭ ಮೀಟರ್. ಬೆಂಗಳೂರು, ರಾಮನಗರ, ಚಿತ್ರದುರ್ಗಗಳ ಕಡೆಯವರಿಗೆ ಈ ಬಂಡೆಗಳನ್ನು ನೋಡಿದರೆ ತವರಿನ ನೆನಪಾಗದಿರದು. ಅದೇ ಗ್ರಾನೈಟು, ಅದೇ ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಗಳು. ಸುತ್ತಲೂ ನೇರಳೆ ಬಣ್ಣದ ಹೆದರ್ ಹೂವು, ಅದರ ನಡುವೆ ಹಳದಿ ಹೂವಿನ ಗಾರ್ಸ್ ಎಂಬ ಮುಳ್ಳುಪೊದೆ, ಕೆಂಪಾಗುತ್ತಿದ್ದ ಜರಿಗಿಡ. ಸ್ವಲ್ಪ ದೂರದಲ್ಲಿ ನೆಲದ ಮೇಲೆ ಎರಡು ಸಾಲು ಕಲ್ಲು ಹಾಸಿದ್ದು ಕಂಡಿತು. ಇದು ರೈಲುಹಾದಿ! ಹಳಿಗಳೂ ಕಲ್ಲಿನವೇ. ೧೮೨೦ರಲ್ಲಿ ಆರಂಭವಾದ ಈ ಹಾದಿಯ ಮೇಲೆ ಇಲ್ಲಿಯ ಗಣಿಯ ಕಲ್ಲನ್ನು ಬಂಡಿಗಳಲ್ಲಿ ಕೆಳಕ್ಕೆ ಇಳಿಸುತ್ತಿದ್ದರು. ಇಳಿಜಾರಿನಲ್ಲಿ ಬಂಡಿ ತಾನೇ ಉರುಳುವುದು. ಬರಿದಾದ ಬಂಡಿಯನ್ನು ಕುದುರೆಗಳು ಮೇಲಕ್ಕೆ ಎಳೆದು ತರುವುವು. ೧೮೩೧ರ ಲಂಡನ್ ಸೇತುವೆಗೆ ಇಲ್ಲಿಯ ಕಲ್ಲು ಹೋಗಿತ್ತು. ಆ ಸೇತುವೆಯನ್ನು ೧೯೬೮ರಲ್ಲಿ ಅಮೆರಿಕೆಯವರು ಕೊಂಡು, ಅದರ ಹೊರಮೈಯ ಕಲ್ಲುಗಳನ್ನು ಒಯ್ದು ಅರಿಜೋನಾದಲ್ಲಿ ಮತ್ತೆ ಕಟ್ಟಿಸಿದರು. ಊರು ಬಿಟ್ಟು ಊರಿಗೆ ಹೋಗಿ ನೆಲೆಸುವುದು ನಮಗಷ್ಟೇ ಅಲ್ಲ, ಕಲ್ಲಿಗೂ ಬಂದ ಪಾಡೆನ್ನಿಸಿತು.

ಬಯಲಿನಲ್ಲಿ ಬೇಲಿಯಿಲ್ಲ. ಕುರಿಗಳು, ದನಗಳು, ಗಿಡ್ಡ ಜಾತಿಯ ಡಾರ್ಟ್‌ಮೂರ್ ಕುದುರೆಗಳು ಮನಬಂದಲ್ಲಿ ಮೇಯುತ್ತಿರುತ್ತವೆ. ನಮ್ಮ ಹಳ್ಳಿಯ ಗೋಮಾಳದ ನೆನಪು ಬರುವುದು ಸಹಜ. ಆದರೆ ಗೋಮಾಳ ಸರ್ಕಾರದ್ದು, ಇಲ್ಲಿಯ ನೆಲಕ್ಕೆ ಹೆಚ್ಚಾಗಿ ಖಾಸಗಿ ಒಡೆಯರಿದ್ದಾರೆ. ಒಡೆತನ ಒಬ್ಬರದು, ಮೇಯಿಸುವ ಹಕ್ಕು ಸುತ್ತಣ ರೈತರದು, ನಡೆಯುವ ಹಕ್ಕು ಎಲ್ಲರದು. ಹೀಗೆ ಮೂರು ಹಕ್ಕುಗಳು ಒಂದೇ ಹುಲ್ಲಿನ ಮೇಲೆ ನಿಂತಿರುವಾಗ, ನಾಯಿಯೊಡನೆ ಬರುವವನ ಹೊಣೆ ದೊಡ್ಡದು.

ದಾರಿಯಲ್ಲಿ ವಯಸ್ಸಾದ ರೈತರೊಬ್ಬರು ಸಿಕ್ಕಿದರು. ಕುರಿಗಳನ್ನು ನೋಡಿ ಗುಂಡ ಹಗ್ಗವನ್ನು ಜಗ್ಗುತ್ತಿದ್ದ. “ಇವನು ಕಚ್ಚುವುದಿಲ್ಲ, ಬಹಳ ಸಾಧು” ಎಂದು ಮೊಮ್ಮಗ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದ. ಆ ರೈತರು ಸಿಟ್ಟಾಗಲಿಲ್ಲ. ಬಗ್ಗಿ ನಾಯಿಯ ಕಿವಿ ತುರಿಸಿ, ಆ ವರ್ಷದ ಚಳಿಗಾಲದ ಕೊನೆಗೆ ನಡೆದದ್ದನ್ನು ಹುಡುಗನಿಗೆ ಹೇಳಿದರು. ಇಂಥದೇ ಒಂದು ಸಾಧು ನಾಯಿ, ಆಟಕ್ಕೆಂದು, ಗಬ್ಬದ ಕುರಿಗಳ ಮಂದೆಯನ್ನು ಒಂದು ಸುತ್ತು ಅಟ್ಟಿತಂತೆ. ಒಂದನ್ನೂ ಕಚ್ಚಲಿಲ್ಲ. ಆ ವಾರ ಮೂರು ಕುರಿಗಳು ಕಂದು ಹಾಕಿದುವು. ನಾಯಿಯ ಒಡೆಯರು ಸಂಜೆ ಮನೆಗೆ ಹೋದರು. ಅವರಿಗೆ ಈ ವಿಷಯ ಇಂದಿಗೂ ತಿಳಿದಿರಲಿಕ್ಕಿಲ್ಲ. ಇಷ್ಟು ಹೇಳಿ ಅವರು ಟೋಪಿ ಮುಟ್ಟಿ ಮುಂದೆ ನಡೆದರು. ಹುಡುಗ ಏನೂ ಮಾತನಾಡಲಿಲ್ಲ. ಹಗ್ಗವನ್ನು ಕೈಗೆ ಇನ್ನೆರಡು ಸುತ್ತು ಸುತ್ತಿಕೊಂಡ.

ಅಲ್ಲಿಯ ಕಾನೂನೂ ಇದನ್ನೇ ಹೇಳುತ್ತದೆ. ಇಂಥ ತೆರೆದ ನೆಲದಲ್ಲಿ ಮಾರ್ಚ್ ೧ರಿಂದ ಜುಲೈ ೩೧ರವರೆಗೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಸಲುವಾಗಿ, ನಾಯಿಯನ್ನು ಎರಡು ಮೀಟರಿಗೆ ಮೀರದ ಹಗ್ಗದಲ್ಲಿ ಹಿಡಿದಿರಬೇಕು. ಕುರಿ ದನಗಳ ಬಳಿಯಲ್ಲಿ ವರ್ಷವಿಡೀ ಹಿಡಿದಿರಬೇಕು. ಮಂದೆಯ ಮೇಲೆ ಬೀಳುವ ನಾಯಿಯನ್ನು ಬೇರೆ ದಾರಿಯಿಲ್ಲದಿದ್ದಲ್ಲಿ ರೈತನು ಗುಂಡಿಟ್ಟು ಕೊಂದರೂ ಕಾನೂನು ಅವನ ಪರವಾಗಿ ನಿಲ್ಲಬಹುದು. ನಾಯಿಯ ಮಲವನ್ನು ಬಿಟ್ಟುಬರುವಂತಿಲ್ಲ. ಅದರ ಮೂಲಕ ಹರಡುವ ಒಂದು ಸೂಕ್ಷ್ಮಜೀವಿಯಿಂದ ಹಸುಗಳಿಗೆ ಗರ್ಭಪಾತವಾಗುತ್ತದೆ. ಒಂದು ನಿಯಮ ಮಾತ್ರ ಇದಕ್ಕೆ ತದ್ವಿರುದ್ಧ. ದನಗಳು ಬೆನ್ನಟ್ಟಿ ಬಂದರೆ ಹಗ್ಗವನ್ನು ಆ ಕ್ಷಣವೇ ಬಿಟ್ಟುಬಿಡಬೇಕು. ಅವುಗಳ ಕೋಪ ನಾಯಿಯ ಮೇಲೆ. ನಾಯಿ ಓಡಿ ಪಾರಾಗುತ್ತದೆ, ಹಗ್ಗ ಬಿಡದ ಮನುಷ್ಯ ಕಾಲಡಿಗೆ ಸಿಕ್ಕುತ್ತಾನೆ.

ಬೆಕಾ ಎಂಬ ಹಳ್ಳವನ್ನು ಕಲ್ಲುಚಪ್ಪಡಿಯ ಸೇತುವೆಯ ಮೇಲೆ ದಾಟಿ ಏರು ಹತ್ತಿದರೆ ಹೌಂಡ್ ಟಾರ್. ಬೇಟೆಗಾರನೊಬ್ಬನ ನಾಯಿಗಳು ಮಾಟಗಾತಿಯರ ಶಾಪದಿಂದ ಕಲ್ಲಾದುವೆಂದು ಅಲ್ಲಿಯ ಐತಿಹ್ಯ. ಗುಡ್ಡದ ಪಕ್ಕದಲ್ಲಿ ಆರುನೂರು ವರ್ಷದ ಹಿಂದೆ ಪಾಳುಬಿದ್ದ ಒಂದು ಹಳ್ಳಿಯ ತಳಪಾಯಗಳಿವೆ. ಉದ್ದನೆಯ ಮನೆಗಳು, ಮೇಲ್ಭಾಗದಲ್ಲಿ ಜನ, ಇಳಿಜಾರಿನ ಕೆಳಭಾಗದಲ್ಲಿ ದನ, ಇಬ್ಬರಿಗೂ ಒಂದೇ ಬಾಗಿಲು. ಧಾರವಾಡ, ವಿಜಯಪುರಗಳ ಕಡೆ ಹಳೆಯ ಮನೆಗಳಲ್ಲಿ ಒಳಗೆ ಕಾಲಿಟ್ಟೊಡನೆ ಗೋದಲಿ ಕಂಡವರಿಗೆ ಈ ಏರ್ಪಾಡನ್ನು ವಿವರಿಸಬೇಕಾದ್ದಿಲ್ಲ.

ನಮ್ಮ ನಿಧಿ ಇದ್ದದ್ದು ಹಳ್ಳಿಯಿಂದ ಸಾಕಷ್ಟು ದೂರ, ಇಳಿಜಾರಿನ ಮರಗಳ ಬಳಿ. ಪ್ರಾಚೀನ ಅವಶೇಷಗಳ ನಡುವೆ ಪೆಟ್ಟಿಗೆಯಿಡುವುದು ಸಲ್ಲದು. ನೆಲವನ್ನು ಅಗೆಯುವುದೂ ಸಲ್ಲದು. ಬಳ್ಳಿ, ಕಲ್ಲು, ಮರದ ಬೊಡ್ಡೆಗಳ ಮರೆಯಲ್ಲಿಯೇ ಇಡಬೇಕು. ಒಂದರಿಂದ ಇನ್ನೊಂದಕ್ಕೆ ೧೬೧ ಮೀಟರಾದರೂ ಅಂತರವಿರಬೇಕು. ತಿನ್ನುವ ಪದಾರ್ಥ ಇಡಬಾರದು. ವಾಸನೆ ಹಿಡಿದು ಪ್ರಾಣಿಗಳು ಪೆಟ್ಟಿಗೆಯನ್ನು ಕಡಿಯುತ್ತವೆ. ಮಗಳ ಫೋನು ನಮ್ಮನ್ನು ಅಲ್ಲಿಯವರೆಗೆ ಕರೆತಂದು, ‘ನಾಲ್ಕು ಮೀಟರ್’ ಎಂದು ತೋರಿಸಿ ಕೈಬಿಟ್ಟಿತು. ಮರಗಳ ಅಡಿಯಲ್ಲಿ ಅದರ ಲೆಕ್ಕ ತೂಗಾಡುತ್ತದೆ. ಆಮೇಲಿನದು ಕಣ್ಣಿನ ಕೆಲಸ. ನಾಯಿಯ ಮೂಗು ನಮ್ಮದಕ್ಕಿಂತ ಬಹುಪಾಲು ಚುರುಕೆಂದು ಗುಂಡನ ಮೇಲೆ ನಾನು ಬಹಳ ಭರವಸೆಯಿಟ್ಟಿದ್ದೆ. ಅವನು ಯಾರೋ ಎಸೆದ ಬಿಸ್ಕತ್ತಿನ ಕಾಗದವೊಂದನ್ನು ಹುಡುಕಿ ತಂದು ಕೀರ್ತಿ ಪಡೆದ.

ಅರ್ಧ ಗಂಟೆಯಾದರೂ ಪೆಟ್ಟಿಗೆ ಸಿಕ್ಕಲಿಲ್ಲ. ಸೋತವರಿಗಾಗಿ ಒಂದು ಸುಳುಹನ್ನು ಗುಪ್ತಲಿಪಿಯಲ್ಲಿ ಕೊಟ್ಟಿರುತ್ತಾರೆ. ಉಪಾಯ ಸುಲಭ: ಇಂಗ್ಲಿಷಿನ ೨೬ ಅಕ್ಷರಗಳನ್ನು ೧೩ರಂತೆ ಎರಡು ಪಂಕ್ತಿ ಮಾಡಿ, ಮೇಲಿನದಕ್ಕೆ ಕೆಳಗಿನದನ್ನು, ಕೆಳಗಿನದಕ್ಕೆ ಮೇಲಿನದನ್ನು ಬದಲಿಸುವುದು. ಮೊಮ್ಮಗ ಬಂಡೆಯ ಮೇಲೆ ಕುಳಿತು ಬಿಡಿಸತೊಡಗಿದವನು ತಟ್ಟನೆ ತಲೆಯೆತ್ತಿ, “ಅಜ್ಜಾ, ಕನ್ನಡದಲ್ಲಿ ಹೀಗೆ ಮಾಡಲಿಕ್ಕೆ ಆಗುತ್ತದಾ? ಎಷ್ಟು ಅಕ್ಷರ ಇವೆ?” ಎಂದು ಕೇಳಿದ.

“ನಲವತ್ತೊಂಬತ್ತು.”

“ಅದು ಎರಡು ಪಾಲಾಗುವುದಿಲ್ಲವಲ್ಲ!”

“ಆಗುವುದಿಲ್ಲ. ಒಂದು ಉಳಿಯುತ್ತದೆ.”

“ಯಾವುದು ಉಳಿಯುತ್ತದೆ?”

‘ಅ’ದಿಂದ ಎಣಿಸುತ್ತ ಹೋದೆವು. ಎರಡು ವರ್ಷದಿಂದ ಮಗಳು ಪ್ರತಿ ಶನಿವಾರ ವರ್ಣಮಾಲೆಯ ಪುಸ್ತಕ ತೆರೆದರೆ ಹೊಟ್ಟೆನೋವೆಂದು ಮಲಗುತ್ತಿದ್ದ ಹುಡುಗ, ಬಂಡೆಯ ಮೇಲಿನ ಧೂಳಿನಲ್ಲಿ ಕಡ್ಡಿಯಿಂದ ಬರೆಯುತ್ತ ‘ಳ’ದವರೆಗೂ ಬಂದ. ಮಗಳು ಅತ್ತ ಮುಖ ತಿರುಗಿಸಿ ನಿಂತಿದ್ದಳು. ಅವಳು ಮಾತನಾಡಲಿಲ್ಲ, ನಾನೂ ಕೇಳಲಿಲ್ಲ.

ಸುಳುಹಿನಂತೆ ಇಬ್ಭಾಗವಾದ ಮರದ ಹಿಂದೆ, ಪಾಚಿ ಕಟ್ಟಿದ ಕಲ್ಲಿನ ಕೆಳಗೆ ಕೈ ಹಾಕಿದಾಗ ಪೆಟ್ಟಿಗೆ ಸಿಕ್ಕಿತು. ಊಟದ ಡಬ್ಬಿಯಷ್ಟು ದೊಡ್ಡದು. ಒಳಗೆ ಒಂದು ಪುಟ್ಟ ಪುಸ್ತಕ, ಪೆನ್ಸಿಲು, ಗಾಜಿನ ಗೋಲಿ, ಆಟದ ಮೋಟಾರು, ಒಂದು ಗುಂಡಿ. ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯ ಅಥವಾ ಅದಕ್ಕೂ ಹೆಚ್ಚಿನದನ್ನು ಇಡಬೇಕೆಂಬುದು ಪದ್ಧತಿ. ಹುಡುಗ ಗೋಲಿ ತೆಗೆದುಕೊಂಡು, ನಾನು ಒಯ್ದಿದ್ದ ಚನ್ನಪಟ್ಟಣದ ಮರದ ಬುಗುರಿಯನ್ನಿಟ್ಟ. ಆಮೇಲೆ ಪುಸ್ತಕದಲ್ಲಿ ಎಲ್ಲರ ಹೆಸರು ಬರೆದು, ಕೊನೆಯ ಹೆಸರನ್ನು ಕನ್ನಡದಲ್ಲಿ ಬರೆಯುವೆನೆಂದ. ‘ಗುಡ’ ಎಂದು ಬರೆದು, ನನ್ನ ಮುಖ ನೋಡಿ, ನಡುವೆ ಸೊನ್ನೆ ಸೇರಿಸಿದ.

ಈ ಬಯಲಿನಲ್ಲಿ ಹೀಗೆ ನಿರಾತಂಕವಾಗಿ ನಡೆಯುವ ಹಕ್ಕು ತಾನಾಗಿ ಬಂದುದಲ್ಲವೆಂಬುದನ್ನು ಇಲ್ಲಿ ಹೇಳಬೇಕು. ೧೯೩೨ರ ಏಪ್ರಿಲ್ ೨೪ರಂದು ಉತ್ತರ ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಗುಡ್ಡದ ಮೇಲೆ ನೂರಾರು ಜನ ಕಾರ್ಮಿಕ ಯುವಕರು ಬೇಟೆಯ ಹಕ್ಕಿಗಳಿಗಾಗಿ ಮೀಸಲಾಗಿದ್ದ ನೆಲವನ್ನು ಬೇಕೆಂದೇ ಹೊಕ್ಕರು. ಐವರು ಸೆರೆಮನೆ ಕಂಡರು. ೧೯೪೯ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. ೧೯೫೧ರಲ್ಲಿ ಡಾರ್ಟ್‌ಮೂರ್ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಯ ಗೋಮಾಳಗಳಲ್ಲಿ ಜನ ಸಂಚರಿಸುವ ಹಕ್ಕು ೧೯೮೫ರ ಕಾಯಿದೆಯಿಂದ ದೃಢವಾಯಿತು. ಇಷ್ಟಾದರೂ, ಡೇರೆ ಹೂಡಿ ರಾತ್ರಿ ಕಳೆಯುವ ಹಕ್ಕು ಆ ಕಾಯಿದೆಯಲ್ಲಿಲ್ಲವೆಂದು ಭೂಮಾಲಿಕರು ನ್ಯಾಯಾಲಯಕ್ಕೆ ಹೋದರು. ೨೦೨೩ರ ಜನವರಿಯಲ್ಲಿ ಅವರಿಗೆ ಜಯವಾಯಿತು, ಜುಲೈಯಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು, ೨೦೨೫ರ ಮೇ ೨೧ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಜನರ ಪರವಾಗಿ ಕೊನೆಯ ತೀರ್ಪು ಕೊಟ್ಟಿತು. ನ್ಯಾಯಾಲಯದಲ್ಲಿ ಗೆದ್ದ ಹಕ್ಕು ದಿನದಿನಕ್ಕೂ ಉಳಿಯುವುದು ಮಾತ್ರ ಆ ರೈತರಂಥವರ ಸಹನೆಯಿಂದ. ಒಂದು ನಾಯಿಯ ಹಗ್ಗ ಸಡಿಲವಾದರೆ ಆ ಸಹನೆಯೂ ಸಡಿಲವಾಗುತ್ತದೆ.

ಇದನ್ನು ನಮ್ಮಲ್ಲಿ ಆಡಬಹುದೆ ಎಂದು ವಾಚಕರು ಕೇಳಬಹುದು. ಆಡಬಹುದು, ಭಾರತದಲ್ಲಿಯೂ ಇಂಥ ಪೆಟ್ಟಿಗೆಗಳಿವೆ. ಆದರೆ ವಿವೇಕ ಬೇಕು. ಮುಂಬಯಿ, ದಿಲ್ಲಿ, ಹೈದರಾಬಾದುಗಳಲ್ಲಿ ಬಾಂಬಿನ ಹಾವಳಿ ಕಂಡವರು ನಾವು. ವಾರಸುದಾರರಿಲ್ಲದ ಪೆಟ್ಟಿಗೆಯನ್ನು ಮುಟ್ಟಬೇಡಿರೆಂದು ರೈಲ್ವೆ ನಿಲ್ದಾಣದಲ್ಲಿ ಕೂಗುವುದನ್ನು ಪ್ರತಿದಿನ ಕೇಳುತ್ತೇವೆ. ಇಂಗ್ಲೆಂಡಿನ ವೆದರ್ಬಿ ಎಂಬ ಊರಿನಲ್ಲಿಯೇ ೨೦೧೧ರಲ್ಲಿ ಇಂಥ ಆಟದ ಪೆಟ್ಟಿಗೆಯೊಂದನ್ನು ಬಾಂಬೆಂದು ಶಂಕಿಸಿ ಸೈನಿಕರು ಸಿಡಿಸಿಬಿಟ್ಟರು. ಆದ್ದರಿಂದ ನಿಲ್ದಾಣ, ದೇವಸ್ಥಾನ, ಅಣೆಕಟ್ಟು, ಗಡಿಪ್ರದೇಶಗಳ ಬಳಿ ಈ ಆಟ ಕೂಡದು. ಉಪಗ್ರಹ ಫೋನಿಗೆ ನಮ್ಮಲ್ಲಿ ಪರವಾನಗಿ ಬೇಕು. ಸಾಧಾರಣ ಮೊಬೈಲು ಸಾಕು. ಅಭಯಾರಣ್ಯಗಳಿಗೆ ನಾಯಿಯನ್ನು ಒಯ್ಯಬಾರದು. ಬೋರಿವಲಿಯ ಕಾಡಿನ ಅಂಚಿನಲ್ಲಿರುವವರಿಗೆ ಚಿರತೆಗೂ ನಾಯಿಗೂ ಇರುವ ಸಂಬಂಧ ಗೊತ್ತೇ ಇದೆ. ಸಹ್ಯಾದ್ರಿಯ ಕೋಟೆಗಳನ್ನು ಹತ್ತುವ ಪುಣೆಯವರಿಗೆ ನಾಯಿ ಒಯ್ಯುವ ಅವಶ್ಯಕತೆಯೂ ಇಲ್ಲ. ಬುಡದ ಹಳ್ಳಿಯ ನಾಯಿಯೊಂದು ತಾನಾಗಿ ಜೊತೆಗೂಡಿ, ದಾರಿ ತೋರಿಸಿ, ಬುತ್ತಿಯಲ್ಲಿ ಪಾಲು ಪಡೆದು ಇಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ನಿಧಿಯ ಹೆಸರಿನಲ್ಲಿ ನಮ್ಮ ನಾಡಿನಲ್ಲಿ ನಡೆದಿರುವ ಅನರ್ಥವನ್ನು ಮರೆಯಬಾರದು. ಹೊನ್ನಿನ ಆಸೆಯಿಂದ ವೀರಗಲ್ಲುಗಳನ್ನು ಕೀಳುವವರು, ಹಳೆಯ ಗುಡಿಗಳ ಗರ್ಭಗೃಹವನ್ನು ಅಗೆಯುವವರು ಇಂದಿಗೂ ಇದ್ದಾರೆ. ಅವರು ಉರುಳಿಸುವ ಕಲ್ಲುಗಳೇ ಎಂಥ ನಿಧಿಯೆಂಬುದಕ್ಕೆ ಒಂದು ನಿದರ್ಶನ ಸಾಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ. ಶ. ೯೫೦ರ ಸುಮಾರಿನ ಒಂದು ಕಲ್ಲು ದೊರೆಯಿತು. ಗಂಗರ ಬೂತುಗನ ಕಡೆಯ ಮಣಲೆರ ಎಂಬ ವೀರನು ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದಾಗ, ಒಡೆಯನು ಮೆಚ್ಚಿ ಏನು ಬೇಕೋ ಕೇಳೆಂದನು. ಮಣಲೆರನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗಾಗಿ ಕಲ್ಲು ನಿಲ್ಲಿಸಿ, ನಾಯಿ ಹಂದಿಗಳ ಕಾದಾಟವನ್ನು ಕೆತ್ತಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಅದು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಕರೆದೊಯ್ದು ತೋರಿಸಬೇಕು. ನಾಯಿಯ ಹೆಸರನ್ನು ಕಲ್ಲಿನ ಮೇಲೆ ಸಾವಿರ ವರ್ಷ ಉಳಿಸಿದ ಭಾಷೆ ತಮ್ಮದೆಂದು ತಿಳಿದರೆ ಓದಲು ಅವರಿಗೂ ಮನಸ್ಸಾದೀತು.

ನಮ್ಮ ಸಂಘಗಳು ವರ್ಷಕ್ಕೊಮ್ಮೆ ವನಭೋಜನ ಏರ್ಪಡಿಸುತ್ತವೆ. ಹಿರಿಯರು ಇಸ್ಪೀಟು ಹಾಕುತ್ತಾರೆ, ಮಕ್ಕಳು ಫೋನು ಹಿಡಿದು ಕುಳಿತಿರುತ್ತಾರೆ. ಮುಂದಿನ ಸಲ ತೋಟದವರ ಅನುಮತಿ ಪಡೆದು ಐದಾರು ಡಬ್ಬಿಗಳನ್ನು ಮರೆಮಾಡಿ, ಸುಳುಹುಗಳನ್ನು ಕನ್ನಡದಲ್ಲಿ ಬರೆದುಕೊಟ್ಟು, ಸಂಜೆ ಹೊರಡುವ ಮುನ್ನ ಎಲ್ಲ ಡಬ್ಬಿಗಳನ್ನೂ ಎಣಿಸಿ ಮರಳಿ ತನ್ನಿರಿ. ಖರ್ಚು ಹೆಚ್ಚೇನಿಲ್ಲ. ನಾಯಿಯಿರುವವರು ನಾಯಿಯನ್ನೂ ಕರೆತರಬಹುದು. ಹಗ್ಗ ಮಾತ್ರ ಕೈಯಲ್ಲಿರಲಿ.